ಎ.ಸಿ. ಗ್ಯಾಸು ಖರ್ಚಾಗುತ್ತದೆಯೇ?

ಬೇಸಿಗೆ ಬಂತೆಂದರೆ ಕಾರು, ಜೀಪು ಇಟ್ಟುಕೊಂಡವರ ಬಾಯಲ್ಲಿ ಒಂದೇ ಮಾತು: "ಎ.ಸಿ. ತಂಪು ಕೊಡವಲ್ದು, ಗ್ಯಾಸ್ ಮುಗದೈತಿ, ಹಾಕಸಬೇಕು." ಡೀಸೆಲ್‌ನಂತೆ ಎ.ಸಿ. ಗ್ಯಾಸೂ ಗಾಡಿ ಓಡಿದಷ್ಟು ಸುಟ್ಟು ಹೋಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಯಾಕೆ ಅಂತ ನೋಡೋಣ.

ಮಣ್ಣಿನ ಗಡಿಗೆಯ ನೀರು ತಂಪಾಗಿರುವುದೇಕೆ? ಹೊರಗೆ ಜಿನುಗಿದ ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಎ.ಸಿ.ಯೂ ಇಷ್ಟೇ. ವ್ಯತ್ಯಾಸವೆಂದರೆ ಗಡಿಗೆಯ ಆವಿ ಗಾಳಿಗೆ ಹೋಯಿತು, ಇಲ್ಲಿ ಆವಿಯನ್ನು ಹಿಡಿದು ಮತ್ತೆ ದ್ರವ ಮಾಡುತ್ತಾರೆ. ಈಗ ಓಡಾಡುವ ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಎಂಬ ದ್ರವ ಬಯಲಿನಲ್ಲಿ ಮೈನಸ್ 26 ಡಿಗ್ರಿಗೇ ಕುದಿಯುತ್ತದೆ! ಡ್ಯಾಶ್‌ಬೋರ್ಡಿನ ಹಿಂದಿನ ಕೊಳವೆಗಳಲ್ಲಿ ಅದು ಆವಿಯಾಗಿ ಒಳಗಿನ ಗಾಳಿಯ ಶಾಖ ಹೀರುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಮುಂದಕ್ಕೆ ದೂಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಶಾಖವನ್ನು ಹೊರಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜೂ ಇದೇ ತತ್ವದ ಮೇಲೆ ನಡೆಯುತ್ತದೆ.

ಅಂದಮೇಲೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪಿನಿಂದ ವರ್ಷಗಟ್ಟಲೆಯಲ್ಲಿ ಚೂರು ಜಿನುಗಬಹುದು, ಅಷ್ಟೇ. ಒಂದೇ ಬೇಸಿಗೆಯಲ್ಲಿ ಕಡಿಮೆಯಾಯಿತೆಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಮುಚ್ಚದೆ ಗ್ಯಾಸು ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಆದ್ದರಿಂದ ಮೆಕ್ಯಾನಿಕ್ಕಿಗೆ ಮೊದಲು ಕೇಳಬೇಕಾದ್ದು "ಎಷ್ಟು ರೂಪಾಯಿ?" ಅಂತಲ್ಲ, "ಎಲ್ಲಿ ಸೋರೇತ್ರಿ?" ಅಂತ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುವುದರಿಂದ, ಪೈಪಿನ ಜೋಡಣೆಯ ಹತ್ತಿರ ಧೂಳು ಹಿಡಿದ ಜಿಡ್ಡು ಕಂಡರೆ ಅಲ್ಲಿ ಅನುಮಾನ ಪಡಬಹುದು.

ಇನ್ನು ಮನೆಯಲ್ಲೇ ಏನು ಮಾಡಬಹುದು? ಎಷ್ಟೋ ಸಲ ತಂಪು ಬಾರದಿರಲು ಕಾರಣ ಗ್ಯಾಸಲ್ಲ, ಕಸ. ಬ್ಯಾಡಗಿ ಮಾರುಕಟ್ಟೆಗೆ ಸೋಮವಾರ, ಗುರುವಾರ ಹೋಗಿಬರುವ ಗಾಡಿಗಳನ್ನು ನೋಡಿ. ಮಣ್ಣಿನ ಧೂಳು, ಮೆಣಸಿನಕಾಯಿ ಧೂಳು, ಹೊಲದ ಹುಳು, ಹತ್ತಿಯ ಎಳೆ ಎಲ್ಲ ಸೇರಿ ಕಂಡೆನ್ಸರಿನ ಸಂದಿ ಮುಚ್ಚುತ್ತವೆ. ಗಾಳಿ ಆಡದಿದ್ದರೆ ಶಾಖ ಹೋಗುವುದೆಲ್ಲಿ? ಎಂಜಿನ್ ಪೂರ್ತಿ ಆರಿದ ಮೇಲೆ, ಕೀಲಿ ತೆಗೆದು (ಕೆಲವು ಗಾಡಿಯ ಫ್ಯಾನು ತಾನಾಗಿ ತಿರುಗಿಬಿಡುತ್ತದೆ, ಬೆರಳು ಜ್ವಾಕಿ!), ಸಾದಾ ಪೈಪಿನ ನೀರನ್ನು ನಿಧಾನವಾಗಿ ಬಿಡಬೇಕು. ಜೋರಾದ ಪ್ರೆಶರ್ ನೀರು ಬೇಡ, ತಂತಿ ಬ್ರಷ್ಷೂ ಬೇಡ. ಅಲ್ಯೂಮಿನಿಯಮ್ಮಿನ ತೆಳು ಪಟ್ಟಿಗಳು ಬಾಗಿಬಿಡುತ್ತವೆ. ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದೆ ಗಾಳಿ ಸೋಸುವ ಫಿಲ್ಟರ್ ಇರುತ್ತದೆ. ಕಾಗದದ್ದಾದರೆ ತೊಳೆಯದೆ ಹೊಸದು ಹಾಕಿ. ಎ.ಸಿ. ಹಾಕಿದ ಕೂಡಲೇ ಮೂಗಿಗೆ ಘಾಟು ಬಡಿದು ಸೀನು ಬಂದರೆ ಮೊದಲು ಅದನ್ನೇ ನೋಡಿ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಬೇಕು. ಎಣ್ಣೆ ಸುತ್ತಾಡಿ ಸೀಲುಗಳು ಒಣಗುವುದಿಲ್ಲ.

ಗ್ಯಾಸಿನ ಪೈಪನ್ನು ಮಾತ್ರ ಬಿಚ್ಚಲೇಬೇಡಿ. ಲಾರಿ ಟೈರಿಗೆ ನೂರು ಪೌಂಡಿನ ಮೇಲೆ ಸ್ವಲ್ಪ ಗಾಳಿ ಇದ್ದರೆ, ಎ.ಸಿ. ಓಡುವಾಗ ಕಂಡೆನ್ಸರಿನ ಕಡೆ 200 ಪೌಂಡಿಗೂ ಮೇಲೆ ಒತ್ತಡವಿರುತ್ತದೆ. ಆ ದ್ರವ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಅಡುಗೆ ಗ್ಯಾಸು ತುಂಬಿದರೂ ತಂಪಾಗುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದು ಕಾರಿನೊಳಗೆ ಸೋರಿದರೆ ಒಂದು ಕಿಡಿ ಸಾಕು.

ಹೊರಗೆ ಬಿಟ್ಟ ಗ್ಯಾಸು ಎಲ್ಲಿ ಹೋಗುತ್ತದೆ? ಹಳೆಯ ಕಾರುಗಳ ಆರ್-12 ಗ್ಯಾಸು ಓಜೋನ್ ಪದರವನ್ನು ತಿನ್ನುತ್ತಿತ್ತು. ಇದನ್ನು 1974ರಲ್ಲಿ ತೋರಿಸಿದ ಮೊಲಿನಾ ಮತ್ತು ರೋಲ್ಯಾಂಡ್ 1995ರ ನೊಬೆಲ್ ಹಂಚಿಕೊಂಡರು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಆರ್-134ಎ ಓಜೋನನ್ನು ತಿನ್ನುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ, ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಳ್ಳೆಯ ಮೆಕ್ಯಾನಿಕ್ ಅದನ್ನು ಬಯಲಿಗೆ ಬಿಡದೆ ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಿಕೊಳ್ಳುತ್ತಾನೆ.

ಹಾಂ, ನಿಂತ ಕಾರಿನ ಕೆಳಗೆ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ. ಅದು ಗ್ಯಾಸಲ್ಲ, ಗಾಳಿಯಲ್ಲಿದ್ದ ತೇವ. ಕಾರಿನೊಳಗೆ ಕಾಲಿಡುವ ಜಾಗ ಒದ್ದೆಯಾದರೆ ಮಾತ್ರ ನೀರು ಹೋಗುವ ಸಣ್ಣ ಪೈಪು ಕಟ್ಟಿಕೊಂಡಿದೆ ಅಂತ ತಿಳಿಯಿರಿ.