ಮುಪ್ಪಿನ ತಂದೆತಾಯಿಗಳು: ಚಲನಚಿತ್ರದಿಂದ ಒಂದು ಪಾಠ

ಓದತಕ್ಕ ಭಾಗಗಳು: ವಿಮೋಚನಕಾಂಡ 20:12, ಮಾರ್ಕ 7:9-13

ಮುದಿ ತಂದೆತಾಯಿಗಳನ್ನು ಮಕ್ಕಳು ಅಲಕ್ಷ್ಯ ಮಾಡುವ ಕಥೆಯನ್ನು ತೆರೆಯ ಮೇಲೆ ನೋಡಿ ಅಳದವರು ನಮ್ಮಲ್ಲಿ ಕಡಿಮೆ. ಅಂಥ ಚಿತ್ರಗಳಲ್ಲಿ ಪ್ರಸಿದ್ಧವಾದದ್ದು 1958ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿ ತಾವೇ ನಟಿಸಿದ ‘ಸ್ಕೂಲ್ ಮಾಸ್ಟರ್’. ಅದೇ ವರುಷ ಅದು ‘ಎಂಗಳ್ ಕುಡುಂಬಂ ಪೆರಿಸು’ ಎಂಬ ಹೆಸರಿನಿಂದ ತಮಿಳಿನಲ್ಲಿಯೂ, 1972ರಲ್ಲಿ ‘ಬಡಿ ಪಂತುಲು’ ಎಂದು ತೆಲುಗಿನಲ್ಲಿಯೂ ಬಂತು.

1. ಕಥೆಯ ಸಾರ. ಒಬ್ಬ ಉಪಾಧ್ಯಾಯನು ಊರಿಗೂ ಮಕ್ಕಳಿಗೂ ತನ್ನ ಆಯುಷ್ಯವನ್ನು ಸವೆಸುತ್ತಾನೆ. ಮುಪ್ಪಿನಲ್ಲಿ ಅವನನ್ನೂ ಅವನ ಹೆಂಡತಿಯನ್ನೂ ಮಕ್ಕಳು ಭಾರವೆಂದೆಣಿಸಿ ಅಗಲಿಸುತ್ತಾರೆ. ಕಡೆಗೆ ನೆರವಾಗುವವನು ಹಳೆಯ ಶಿಷ್ಯನೇ ಹೊರತು ಮಗನಲ್ಲ.

2. ಕಣ್ಣೀರು ಸೇವೆಯಲ್ಲ. ಚಿತ್ರವನ್ನು ನೋಡುವಾಗ ನಾವೆಲ್ಲರೂ ತಂದೆತಾಯಿಗಳ ಪಕ್ಷದವರು. ‘ಆ ಮಗನು ನಾನೇ’ ಎನ್ನುವವನು ಅಪರೂಪ. ಸೊಸೆಯನ್ನು ಬೈದು ಎದ್ದು ಬರುವದು ಸುಲಭ. ಆದರೆ ಮನೆಯಲ್ಲಿ ಹಲ್ಲಿಲ್ಲದ ತಾಯಿಯ ಮುಂದೆ ಗಟ್ಟಿ ರೊಟ್ಟಿಯನ್ನಿಟ್ಟು ಹೋದ ಮೇಲೆ, ಆ ಕಣ್ಣೀರಿನಿಂದ ಆಕೆಗೆ ಪ್ರಯೋಜನವೇನು? ಮೆತ್ತಗಿನ ನುಚ್ಚು ಬೇಯಿಸಿ ಕೊಡುವದೇ ಆಕೆಗೆ ಬೇಕಾದ ಸನ್ಮಾನ.

3. ನಮ್ಮ ಸೀಮೆಯ ಸಂಗತಿ. ಸಿಂಧನೂರು, ಲಿಂಗಸೂಗೂರು, ಮಸ್ಕಿ ತಾಲೂಕುಗಳಲ್ಲಿ ಕಾಲುವೆಯ ನೀರು ಮುಟ್ಟದ ಊರುಗಳುಂಟು. ಮಳೆ ತಪ್ಪಿದರೆ ಪ್ರಾಯದವರು ಬೆಂಗಳೂರಿಗೆ ದುಡಿಯಲು ಹೋಗುವರು; ಮುದುಕರು ಮನೆಯನ್ನೂ ಮೊಮ್ಮಕ್ಕಳನ್ನೂ ಕಾಯುವರು. ಇದು ದುಷ್ಟತನವಲ್ಲ, ಬಡತನ. ಆದರೂ ದೂರವೇ ರೂಢಿಯಾದಲ್ಲಿ ಬಡತನವು ನೆವವಾಗುವದು. ಹೊಲ ಪಾಲಾಗುವಾಗ ತಂದೆಯನ್ನು ಒಬ್ಬ ಮಗನಿಗೆ, ತಾಯಿಯನ್ನು ಮತ್ತೊಬ್ಬನಿಗೆ ಹಂಚುವದಂತೂ ಅವರ ಒಪ್ಪಿಗೆಯಿಲ್ಲದೆ ನಡೆಯಬಾರದು.

4. ಹಳೆಯ ಬುದ್ಧಿವಾದ. 1915ರಲ್ಲಿ ಮಸ್ಕಿಯಲ್ಲಿ ಕಂಡುಬಂದ ಬಂಡೆಯ ಶಾಸನದಲ್ಲಿ ಅಶೋಕನ ಹೆಸರೇ ಕೊರೆದಿದೆ. ಅದೇ ಅರಸನ ಬ್ರಹ್ಮಗಿರಿ ಶಾಸನವು ತಂದೆತಾಯಿಗಳ ಮಾತಿಗೆ ವಿಧೇಯರಾಗಿರಬೇಕೆಂದು ಕಲಿಸುತ್ತದೆ. ಕಲ್ಲಿನಲ್ಲಿ ಕೊರೆಯಿಸಬೇಕಾಯಿತೆಂದರೆ, ಮರೆವು ಆಗಲೂ ಇದ್ದಿರಬೇಕು. ಯೇಸುವು ಸಹ, ಹೆತ್ತವರಿಗೆ ಸಲ್ಲತಕ್ಕದ್ದನ್ನು ದೇವರಿಗೆ ಕಾಣಿಕೆಯಾಯಿತೆಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಗದರಿಸಿದನು. ಆದಕಾರಣ ಆರಾಧನೆಯಲ್ಲಿ ಕಾಣಿಕೆ ಹಾಕಿದ್ದರಿಂದ ಮನೆಯ ಋಣ ತೀರುವದಿಲ್ಲ.

5. ಕಾಯಿದೆಯ ನೆರವು. 2007ರ ಪಾಲಕರ ಪೋಷಣೆಯ ಕಾಯಿದೆಯ ಪ್ರಕಾರ, ತಮ್ಮನ್ನು ತಾವು ಸಾಕಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೇಳಬಹುದು. ಈ ಮೂರು ತಾಲೂಕುಗಳವರು ಲಿಂಗಸೂಗೂರಿನ ಸಹಾಯಕ ಆಯುಕ್ತರಲ್ಲಿ ಅರ್ಜಿ ಕೊಡತಕ್ಕದ್ದು. ನೋಡಿಕೊಳ್ಳಬೇಕೆಂಬ ಷರತ್ತಿನಿಂದ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ, ಹಿಂದಕ್ಕೆ ಪಡೆಯಬಹುದು. ಆದಕಾರಣ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿರಿ. ಹಿರಿಯರನ್ನು ತೊರೆದುಬಿಡುವವರಿಗೆ ಮೂರು ತಿಂಗಳ ವರೆಗೆ ಸೆರೆ, ಇಲ್ಲವೆ 5,000 ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಹಿರಿಯರ ಸಹಾಯವಾಣಿ 14567. ಕಾಯಿದೆಯು ಹಣ ಕೊಡಿಸೀತು. ಬಳಿಯಲ್ಲಿ ಕೂತು ಮಾತಾಡುವ ಮಗನನ್ನು ಕೊಡಿಸಲಾರದು.

ಆಲೋಚಿಸತಕ್ಕ ಪ್ರಶ್ನೆಗಳು: ನಮ್ಮ ಮನೆಯ ಹಿರಿಯರು ಇಂದು ಏನನ್ನು ಉಂಡರು? ಅವರ ಔಷಧವನ್ನು ತರುವವರು ಯಾರು? ನಮ್ಮ ಓಣಿಯಲ್ಲಿ ಒಂಟಿಯಾಗಿರುವ ಮುದುಕಿಯ ಬಾಗಿಲನ್ನು ಈ ವಾರ ತಟ್ಟಿದವರು ಯಾರು?