ಕಾರ್ಡು ಹೋಗಿದೆ ಎನ್ನುವ ಮುನ್ನ

ತಮ್ಮಾ, ಕಂಪ್ಯೂಟರ್ ರಿಪೇರಿಗೆ ಈಗಷ್ಟೇ ಕೈ ಹಾಕಿದ್ದೀಯ. ಈ ಕೆಲಸದಲ್ಲಿ ನಿನಗೆ ಮತ್ತೆ ಮತ್ತೆ ಎದುರಾಗುವ ದೂರೊಂದಿದೆ: "ಹೊಸ ಕಾರ್ಡು ಹಾಕಿದೆ ಸಾರ್, ಆಮೇಲೆ ಆನ್ ಮಾಡಿದರೆ ಅಲ್ಲೇ ಹ್ಯಾಂಗ್ ಆಗುತ್ತೆ. ಕಾರ್ಡು ತೆಗೆದರೆ ಏನೂ ತೊಂದರೆ ಇಲ್ಲ." ಅದು ಗ್ರಾಫಿಕ್ಸ್ ಕಾರ್ಡ್ ಇರಬಹುದು, ನೆಟ್‌ವರ್ಕ್ ಕಾರ್ಡ್ ಇರಬಹುದು, ಇನ್ನಷ್ಟು ಡಿಸ್ಕ್ ಜೋಡಿಸಲು ತಂದ ಸ್ಟೋರೇಜ್ ಕಾರ್ಡ್ ಇರಬಹುದು. ಹಾಕಿದರೆ ಹ್ಯಾಂಗ್, ತೆಗೆದರೆ ಸರಿ ಎಂದ ಮೇಲೆ ಕಾರ್ಡೇ ಹೋಗಿದೆ ಎಂದುಬಿಡಲು ನಾಲಿಗೆ ತುದಿಯಲ್ಲೇ ಮಾತು ಬಂದು ನಿಂತಿರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ. ಯಾವುದು ಕೆಟ್ಟಿದೆ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು. ಯಂತ್ರ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಮೊದಲು ಕಂಡುಕೋ. ನಿಂತ ಜಾಗ ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ಸ್ವಿಚ್ ಒತ್ತಿದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದು ನಿನ್ನ ಮನಸ್ಸಿನಲ್ಲಿ ಸ್ಪಷ್ಟವಾಗಿರಲಿ. ಬೋರ್ಡಿನ ಬಯಾಸ್, ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವ ಹಾಗೆ, ಪ್ರೊಸೆಸರ್, ಮೆಮೊರಿ, ಆಮೇಲೆ ಒಂದೊಂದು ಸ್ಲಾಟು ಎಂದು ವಿಚಾರಿಸುತ್ತಾ ಹೋಗುತ್ತದೆ. ಸಿಕ್ಕ ಪ್ರತಿ ಕಾರ್ಡಿಗೂ ಎಷ್ಟು ವಿಳಾಸ ಜಾಗ ಬೇಕು ಎಂದು ಕೇಳಿ ಹಂಚಿಕೊಡುತ್ತದೆ. ಹಲವು ಕಾರ್ಡುಗಳು ತಮ್ಮದೇ ಸಣ್ಣ ಪ್ರೋಗ್ರಾಂ ಒಂದನ್ನು ಚಿಪ್ಪಿನಲ್ಲಿ ಇಟ್ಟುಕೊಂಡು ಬರುತ್ತವೆ. ಅದೇ ಆಪ್ಷನ್ ರೋಮ್. ಹಳೆಯ ಪದ್ಧತಿಯಲ್ಲಿ ಅದರ ಮೊದಲ ಎರಡು ಬೈಟ್ 55 ಮತ್ತು ಎಎ ಎಂದಿದ್ದರೆ ಬಯಾಸ್ ಅದನ್ನು ಗುರುತಿಸಿ, ಅಧಿಕಾರವನ್ನು ಪೂರ್ತಿಯಾಗಿ ಅದರ ಕೈಗೆ ಕೊಟ್ಟು, ಕೆಲಸ ಮುಗಿಸಿ ಹಿಂದಿರುಗಿಸಲಿ ಎಂದು ಕಾಯುತ್ತದೆ. ಆ ಸಣ್ಣ ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡರೆ ಅಧಿಕಾರ ವಾಪಸ್ ಬರುವುದಿಲ್ಲ. ನಾವು ಅದನ್ನೇ ಹ್ಯಾಂಗ್ ಎನ್ನುತ್ತೇವೆ. ಅಂದರೆ ಕಾರ್ಡಿಗೆ ಜೀವವಿದ್ದೂ ಯಂತ್ರ ನಿಲ್ಲಬಹುದು ಎಂದಾಯಿತಲ್ಲ!

ನಿಲ್ಲುವ ಜಾಗಗಳು ಮುಖ್ಯವಾಗಿ ಮೂರು. ಪರದೆಗೆ ಬೆಳಕೇ ಬಾರದೆ ನಿಂತರೆ ವಿದ್ಯುತ್ತು, ಜೋಡಣೆ ಅಥವಾ ಹಾಜರಿಯ ಮೊದಲ ಹಂತದ ತೊಂದರೆ. ಕಂಪನಿಯ ಲಾಂಛನ ಅಥವಾ ಕಪ್ಪು ಪರದೆಯ ಬಿಳಿ ಅಕ್ಷರ ಬಂದು ನಿಂತರೆ ಬಯಾಸ್ ಮತ್ತು ಆಪ್ಷನ್ ರೋಮ್ ಕಡೆಯದು. ವಿಂಡೋಸಿನ ಚುಕ್ಕಿಗಳು ಸುತ್ತತೊಡಗಿದ ಮೇಲೆ ನಿಂತರೆ ಹೆಚ್ಚಾಗಿ ಡ್ರೈವರ್ ಕಡೆಯದು. ಈಗಿನ ಹಲವು ಬೋರ್ಡುಗಳಲ್ಲಿ ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್ ಎಂದು ನಾಲ್ಕು ಸಣ್ಣ ದೀಪಗಳಿರುತ್ತವೆ. ಯಾವುದು ಆರದೆ ಉಳಿಯಿತು ನೋಡು. ಎರಡು ಅಂಕಿ ತೋರಿಸುವ ಬೋರ್ಡಾದರೆ ಇನ್ನೂ ಒಳ್ಳೆಯದು. ಅಮೆರಿಕನ್ ಮೆಗಾಟ್ರೆಂಡ್ಸ್ ಬಯಾಸಿನಲ್ಲಿ 92ರಿಂದ 96ರವರೆಗಿನ ಸಂಕೇತಗಳು ಪಿಸಿಐ ಸಾಧನಗಳನ್ನು ಹುಡುಕಿ ಜಾಗ ಹಂಚುವ ಹಂತದವು. ಬಿ2 ಎಂದರೆ ಹಳೆಯ ರೀತಿಯ ಆಪ್ಷನ್ ರೋಮ್ ಓಡುತ್ತಿದೆ ಎಂದರ್ಥ. ಬೋರ್ಡಿನ ಕೈಪಿಡಿಯಲ್ಲಿ ಈ ಪಟ್ಟಿ ಇರುತ್ತದೆ, ಓದುವ ಅಭ್ಯಾಸ ಮಾಡಿಕೋ.

ನಿಜವಾಗಿ ನಿಂತಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ಕೀಬೋರ್ಡಿನ ನಮ್ ಲಾಕ್ ಒತ್ತಿ ನೋಡು. ದೀಪ ಹತ್ತಿ ಆರುತ್ತಿದ್ದರೆ ಯಂತ್ರ ಇನ್ನೂ ಕೇಳಿಸಿಕೊಳ್ಳುತ್ತಿದೆ. ಸ್ಟೋರೇಜ್ ಕಾರ್ಡುಗಳು ತಮಗೆ ಜೋಡಿಸಿದ ಡಿಸ್ಕುಗಳನ್ನು ಹುಡುಕಲು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತವೆ. ಡಿಡಿಆರ್5 ಮೆಮೊರಿಯ ಬೋರ್ಡುಗಳು ಬಯಾಸ್ ಸೆಟ್ಟಿಂಗ್ ಅಳಿಸಿದ ನಂತರದ ಮೊದಲ ಬಾರಿಗೆ ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಾ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುವುದುಂಟು. ಆಗ ತಾಳ್ಮೆ ಕಳೆದುಕೊಂಡು ಸ್ವಿಚ್ ಆರಿಸಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಪರದೆಗೆ ಬೆಳಕೇ ಬಾರದಿದ್ದರೆ ಕ್ಯಾಬಿನೆಟ್ ಬಿಚ್ಚು. ಅದಕ್ಕೂ ಮೊದಲು ಗೋಡೆಯ ಪ್ಲಗ್ ಕೀಳು. ಕಂಪ್ಯೂಟರ್ ಆರಿಸಿದ್ದರೂ ಪ್ಲಗ್ ಇರುವಷ್ಟು ಹೊತ್ತು ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್‌ನಿಂದ 5 ವೋಲ್ಟ್ ಸ್ಟ್ಯಾಂಡ್‌ಬೈ ವಿದ್ಯುತ್ತು ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಒಮ್ಮೆ ಒತ್ತಿ ಹಿಡಿದು, ಉಳಿದ ವಿದ್ಯುತ್ತನ್ನೂ ಖಾಲಿ ಮಾಡು. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತು ಕಳೆದುಕೊಂಡ ಮೇಲೆಯೇ ಕಾರ್ಡಿಗೆ ಕೈ ಹಾಕು.

ಕಾರ್ಡು ಸ್ಲಾಟಿನಲ್ಲಿ ಕೊನೆತನಕ ಕೂತಿದೆಯೇ ಎಂದು ಪಕ್ಕದಿಂದ ಬಗ್ಗಿ ನೋಡು. ತಗ್ಗಾದ ಕ್ಯಾಬಿನೆಟ್ಟುಗಳಲ್ಲಿ ಹಿಂದಿನ ಪಟ್ಟಿಯ ಸ್ಕ್ರೂ ಬಿಗಿಮಾಡಿದಂತೆ ಕಾರ್ಡಿನ ಇನ್ನೊಂದು ತುದಿ ಮೇಲೆದ್ದುಬಿಡುತ್ತದೆ. ಸ್ಕ್ರೂ ಹಾಕುವ ಮುನ್ನ ಸರಿಯಿದ್ದದ್ದು ಹಾಕಿದ ಮೇಲೆ ಹ್ಯಾಂಗ್ ಆದರೆ ಇದನ್ನೇ ಮೊದಲು ಸಂಶಯಿಸು. ಕರಾವಳಿಯ ಉಪ್ಪುಗಾಳಿಯಲ್ಲಿದ್ದ ಯಂತ್ರವಾದರೆ ಚಿನ್ನದ ಲೇಪದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿದ ಬಟ್ಟೆಯಿಂದ ಒರೆಸು. ರಬ್ಬರಿನಿಂದ ಉಜ್ಜುವ ರೂಢಿ ನಮ್ಮಲ್ಲಿದೆ. ಗಟ್ಟಿಯಾಗಿ ಉಜ್ಜಿದರೆ ಲೇಪ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿನೊಳಗೆ ಬೀಳುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ, ಅದೂ ಮೃದುವಾಗಿ.

ವಿದ್ಯುತ್ತಿನ ಲೆಕ್ಕ ಬಾಯಿಪಾಠವಿರಲಿ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. 6 ಪಿನ್ನಿನ ಕೇಬಲ್ ಇನ್ನೊಂದು 75, 8 ಪಿನ್ನಿನದು 150 ವ್ಯಾಟ್. ಆ ಕೇಬಲ್ ಹಾಕಲು ಮರೆತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ಮಾತ್ರ ತಿರುಗಿ ಚಿತ್ರ ಬಾರದೆ ಇರಬಹುದು. ಒಂದು ಎಸ್‌ಎಂಪಿಎಸ್‌ನ ಕಳಚುವ ಕೇಬಲನ್ನು ಇನ್ನೊಂದು ಎಸ್‌ಎಂಪಿಎಸ್‌ಗೆ ಎಂದೂ ಹಾಕಬೇಡ. ಕನೆಕ್ಟರ್ ಒಂದೇ ತರಹ ಕಂಡರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಹ್ಯಾಂಗ್ ಆಗುತ್ತಿದ್ದ ಕಾರ್ಡು ಆಗ ನಿಜವಾಗಿಯೂ ಸುಟ್ಟುಹೋಗುತ್ತದೆ.

ಸರ್ವರಿನಿಂದ ಬಿಚ್ಚಿದ ಹಳೆಯ ಸ್ಟೋರೇಜ್ ಕಾರ್ಡುಗಳು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹುಡುಕಿದರೆ ಸಿಗುತ್ತವೆ. ಅಗ್ಗವೆಂದು ತಂದು ಮನೆಯ ಅಸೆಂಬಲ್ಡ್ ಕಂಪ್ಯೂಟರಿಗೆ ಹಾಕಿದಾಗ ಕೆಲವು ಬೋರ್ಡುಗಳು ಪರದೆಗೆ ಬೆಳಕೇ ಕೊಡದೆ ನಿಲ್ಲುತ್ತವೆ. ಇದಕ್ಕೊಂದು ಖಚಿತ ಕಾರಣ ತಿಳಿದಿರಲಿ. ಪಿಸಿಐ ಎಕ್ಸ್‌ಪ್ರೆಸ್ ಅಂಚಿನ ಬಿ ಬದಿಯ, ಅಂದರೆ ಚಿಪ್ಪುಗಳಿರುವ ಬದಿಯ, 5 ಮತ್ತು 6ನೇ ಸಂಪರ್ಕಗಳು ಎಸ್‌ಎಂಬಸ್ ಎಂಬ ನಿಧಾನಗತಿಯ ಸಂಪರ್ಕಕ್ಕೆ ಮೀಸಲು. ಮೆಮೊರಿಯ ವಿವರ ಓದಲು ಬೋರ್ಡು ಬಳಸುವುದೂ ಎಸ್‌ಎಂಬಸ್ಸನ್ನೇ. ಸರ್ವರ್ ಕಾರ್ಡು ಅದೇ ದಾರಿಯಲ್ಲಿ ಅಡ್ಡ ಮಾತಾಡಿದರೆ ಬೋರ್ಡಿಗೆ ಮೆಮೊರಿಯೇ ಕಾಣದೆ ಹೋಗಬಹುದು. ಆ ಎರಡು ಸಂಪರ್ಕಗಳ ಮೇಲೆ ಮಾತ್ರ ತೆಳುವಾದ ಕ್ಯಾಪ್ಟಾನ್ (Kapton) ಟೇಪು ಅಂಟಿಸಿದರೆ ಅಂಥ ಕಾರ್ಡುಗಳು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಲೆಕ್ಕ ತಪ್ಪಿದರೆ ಬೇರೆ ಸಂಪರ್ಕ ಮುಚ್ಚಿಹೋಗುತ್ತದೆ, ಆದ್ದರಿಂದ ಚಿತ್ರ ಎದುರಿಗಿಟ್ಟುಕೊಂಡೇ ಅಂಟಿಸು. ಇವು ಸರ್ವರಿನ ಜೋರು ಗಾಳಿಗೆಂದು ಮಾಡಿದ ಕಾರ್ಡುಗಳು. ಮನೆಯ ಕ್ಯಾಬಿನೆಟ್ಟಿನಲ್ಲಿ ಅವಕ್ಕೊಂದು ಸಣ್ಣ ಫ್ಯಾನು ಕೊಡದಿದ್ದರೆ ಕಾದು ಮತ್ತೆ ತೊಂದರೆ ಕೊಡುತ್ತವೆ.

ಲಾಂಛನದ ಹತ್ತಿರ ನಿಲ್ಲುವ ಯಂತ್ರಕ್ಕೆ ಬಯಾಸ್ ಒಳಗೇ ಮದ್ದು ಹುಡುಕಬೇಕು. ಒಳಹೋಗುವ ಮುನ್ನ ಎರಡು ಎಚ್ಚರಿಕೆ. ಈಗಿರುವ ಸೆಟ್ಟಿಂಗುಗಳ ಫೋಟೊ ಮೊಬೈಲಿನಲ್ಲಿ ತೆಗೆದುಕೋ. ವಿಂಡೋಸಿನಲ್ಲಿ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಮಾಲೀಕರ ಬಳಿ ಇದೆಯೇ ಎಂದು ಕೇಳು. ಬಯಾಸಿನಲ್ಲಿ ಏನಾದರೂ ಬದಲಾದರೆ ಅದು ಕೀ ಕೇಳಬಹುದು, ಕೀ ಇಲ್ಲದಿದ್ದರೆ ಅವರ ಕಡತಗಳೆಲ್ಲ ಬೀಗ ಹಾಕಿಕೊಂಡು ಕೂರುತ್ತವೆ.

ಆ ಕಾರ್ಡಿನ ಮೂಲಕ ಕಂಪ್ಯೂಟರ್ ಬೂಟ್ ಆಗಬೇಕೇ ಎಂದು ಕೇಳಿಕೋ. ಬೇಡವಾದರೆ ಅದರ ಆಪ್ಷನ್ ರೋಮ್ ಓಡುವ ಅಗತ್ಯವೇ ಇಲ್ಲ. ನೆಟ್‌ವರ್ಕ್ ಕಾರ್ಡಾದರೆ ಪಿಎಕ್ಸ್‌ಇ ಬೂಟ್, ಅಂದರೆ ನೆಟ್‌ವರ್ಕ್ ಮೂಲಕ ಬೂಟ್ ಆಗುವುದನ್ನು, ಆಫ್ ಮಾಡು. ಸ್ಟೋರೇಜ್ ಕಾರ್ಡಾದರೆ ಆ ಸ್ಲಾಟಿನ ಆಪ್ಷನ್ ರೋಮ್ ಆಫ್ ಮಾಡು. ಹಳೆಯ ಪದ್ಧತಿಯಲ್ಲಿ ಗ್ರಾಫಿಕ್ಸ್ ಸೇರಿ ಎಲ್ಲ ಕಾರ್ಡುಗಳ ರೋಮ್‌ಗಳಿಗೂ ಇದ್ದದ್ದು ಸುಮಾರು 128 ಕಿಲೋಬೈಟ್ ಜಾಗ. ಎರಡು ಮೂರು ಕಾರ್ಡು ಸೇರಿದರೆ ಅದು ಸಾಲುತ್ತಿರಲಿಲ್ಲ. ಬೇಡದ ಒಂದನ್ನು ಆಫ್ ಮಾಡಿದರೆ ಉಳಿದವು ಸರಾಗವಾಗಿ ಓಡುತ್ತವೆ.

ಆಮೇಲೆ ಸಿಎಸ್‌ಎಂ ನೋಡು. ಅದು ಹಳೆಯ ಬಯಾಸ್ ರೀತಿಯನ್ನು ಹೊಸ ಯುಇಎಫ್‌ಐ ಬೋರ್ಡಿನಲ್ಲಿ ಉಳಿಸಿಕೊಡುವ ಸೌಲಭ್ಯ. ಯುಇಎಫ್‌ಐ ಬೆಂಬಲವಿಲ್ಲದ ಹಳೆಯ ಗ್ರಾಫಿಕ್ಸ್ ಕಾರ್ಡು ಸಿಎಸ್‌ಎಂ ಇಲ್ಲದೆ ಚಿತ್ರ ತೋರಿಸುವುದಿಲ್ಲ. ಹೊಸ ಕಾರ್ಡಿಗೆ ಸಿಎಸ್‌ಎಂ ಇರುವುದೇ ತೊಡಕಾಗಬಹುದು. ಹಳೆಯ ಎಂಬಿಆರ್ ರೀತಿಯಲ್ಲಿ ವಿಂಡೋಸ್ ಹಾಕಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಅದು ಬೂಟ್ ಆಗುವುದು ನಿಲ್ಲುತ್ತದೆ ಎಂಬುದು ನೆನಪಿರಲಿ. 4ಜಿ ಮೇಲಿನ ವಿಳಾಸಕ್ಕೆ ಅನುಮತಿ ಕೊಡುವ ಸೆಟ್ಟಿಂಗನ್ನೂ ಒಮ್ಮೆ ಬದಲಿಸಿ ನೋಡಬೇಕು. ದೊಡ್ಡ ಜಾಗ ಕೇಳುವ ಕಾರ್ಡಿಗೆ 4 ಗಿಗಾಬೈಟಿನ ಕೆಳಗೆ ಜಾಗ ಸಾಲದಿದ್ದರೆ ಕೆಲವು ಬೋರ್ಡು ಹಂಚುವ ಹಂತದಲ್ಲೇ ನಿಂತುಬಿಡುತ್ತವೆ.

ಸ್ಲಾಟಿನ ವೇಗವನ್ನು ಒಂದು ಮೆಟ್ಟಿಲು ಇಳಿಸುವುದೂ ಒಳ್ಳೆಯ ಪರೀಕ್ಷೆ. ಕಾರ್ಡನ್ನು ರೈಸರ್ ಕೇಬಲಿನ ಮೂಲಕ ಕೂರಿಸಿದ್ದರೆ, ಮೂರನೇ ಪೀಳಿಗೆಯ ಕೇಬಲ್ಲು ನಾಲ್ಕನೇ ಪೀಳಿಗೆಯ ವೇಗವನ್ನು ತಾಳಿಕೊಳ್ಳದೆ ಪರದೆ ಕಪ್ಪಾಗುತ್ತದೆ. ಜೆನ್ 3ಕ್ಕೆ ಇಳಿಸಿದಾಗ ಸರಿಹೋದರೆ ತಪ್ಪು ಕೇಬಲಿನದು, ಸಾವಿರಾರು ರೂಪಾಯಿಯ ಕಾರ್ಡಿನದಲ್ಲ. ಇಷ್ಟೆಲ್ಲ ಆದ ಮೇಲೂ ಕೇಳದಿದ್ದರೆ ಬಯಾಸ್ ಅಪ್‌ಡೇಟ್ ಮಾಡು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೂರಬೇಡ. ನಡುವೆ ಕರೆಂಟು ಹೋದರೆ ಬೋರ್ಡೇ ಹೋಗಬಹುದು.

ವಿಂಡೋಸಿನ ಬಾಗಿಲಲ್ಲಿ ನಿಲ್ಲುವುದು ಇವುಗಳಲ್ಲಿ ಸುಲಭದ್ದು. ಕಾರ್ಡು ತೆಗೆದು ಒಳಹೋಗಿ, ಹಳೆಯ ಡ್ರೈವರ್ ಪೂರ್ತಿ ಕಿತ್ತು, ಮತ್ತೆ ಕಾರ್ಡು ಹಾಕಿ ಸೇಫ್ ಮೋಡಿನಲ್ಲಿ ನೋಡು. ಸೇಫ್ ಮೋಡಿನಲ್ಲಿ ಬಂತೆಂದರೆ ಬಹುಪಾಲು ತೊಂದರೆ ಡ್ರೈವರಿನದೇ. ಲಿನಕ್ಸಾದರೆ ಬೂಟ್ ಸಾಲಿಗೆ ನೋಮೋಡ್‌ಸೆಟ್ (nomodeset) ಎಂದು ಸೇರಿಸಿ ಗ್ರಾಫಿಕ್ಸ್ ಡ್ರೈವರನ್ನು ಬದಿಗಿಟ್ಟು ಪರೀಕ್ಷಿಸಬಹುದು.

ಪೀಣ್ಯದಂಥ ಕೈಗಾರಿಕಾ ಪ್ರದೇಶದಿಂದ ಯಾರಾದರೂ ಹಳೆಯ ಯಂತ್ರದ ಕಂಪ್ಯೂಟರ್ ಹೊತ್ತು ತಂದು, ಒಳಗೆ ಉದ್ದನೆಯ ಕಪ್ಪು ಐಎಸ್‌ಎ ಸ್ಲಾಟು ಕಂಡರೆ ಬೇರೆಯೇ ಲೆಕ್ಕ ಹಾಕಬೇಕು. ಅಲ್ಲಿ 0ಯಿಂದ 15ರವರೆಗೆ 16 ಇಂಟರಪ್ಟ್ ಸಾಲುಗಳು, ಅದರಲ್ಲೂ 2ನೆಯದು ಎರಡು ಚಿಪ್ಪುಗಳನ್ನು ಕೂಡಿಸಲು ಹೋಗುತ್ತದೆ. 4 ಮತ್ತು 3 ಸೀರಿಯಲ್ ಪೋರ್ಟಿಗೆ, 6 ಫ್ಲಾಪಿಗೆ, 7 ಪ್ರಿಂಟರಿಗೆ, 14 ಮತ್ತು 15 ಹಾರ್ಡ್ ಡಿಸ್ಕಿಗೆ. ಐಎಸ್‌ಎ ಕಾರ್ಡುಗಳು ಒಂದೇ ಸಾಲನ್ನು ಪಿಸಿಐ ಕಾರ್ಡಿನ ಹಾಗೆ ಹಂಚಿಕೊಳ್ಳಲಾರವು. ಎರಡು ಕಾರ್ಡು ಒಂದೇ ಸಂಖ್ಯೆಗೆ ಕೈ ಹಾಕಿದರೆ ಹ್ಯಾಂಗ್ ಆಗುವುದು ಸಹಜ. ಒಂದರ ಜಂಪರ್ ಬದಲಿಸಿ ಖಾಲಿ ಸಂಖ್ಯೆಗೆ ಕೂರಿಸು. ಅಂಥ ಕಾರ್ಡು ಮತ್ತೆ ಕೊಳ್ಳಲು ಸಿಗುವುದು ಕಷ್ಟ, ಅದನ್ನು ನಂಬಿ ಒಂದು ಇಡೀ ಯಂತ್ರ ನಡೆಯುತ್ತಿರುತ್ತದೆ. ಕೈ ಬಹಳ ಹಗುರವಾಗಿರಲಿ.

ಯಾವ ದಾರಿ ಹಿಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಬಯಾಸಿನಲ್ಲಿ ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿ, ಸ್ಲಾಟನ್ನೂ ಬದಲಿಸಿ, ಯಂತ್ರ ಎದ್ದು ಕೂತರೆ ಯಾವುದರಿಂದ ಎದ್ದಿತು ಎಂದು ಹೇಗೆ ಹೇಳುವೆ? ಮಾಡಿದ್ದನ್ನೂ ಕಂಡದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗು. ಬೇಡದ ಕಾರ್ಡು, ಡಿಸ್ಕು, ಯುಎಸ್‌ಬಿ ಎಲ್ಲ ಕಿತ್ತು, ಕನಿಷ್ಠ ಭಾಗಗಳಿಂದ ಶುರು ಮಾಡು.

ಕೊನೆಯ ತೀರ್ಪಿಗೆ ಮುಂಚೆ ಅದಲುಬದಲು ಪರೀಕ್ಷೆ ಆಗಲೇಬೇಕು. ಈ ಕಾರ್ಡನ್ನು ಇನ್ನೊಂದು ಕಂಪ್ಯೂಟರಿಗೆ ಹಾಕು. ಇನ್ನೊಂದು ಕಾರ್ಡನ್ನು ಈ ಸ್ಲಾಟಿಗೆ ಹಾಕು. ಕಾರ್ಡು ಎಲ್ಲಿಯೂ ಏಳದಿದ್ದರೆ ಆಗ ಮಾತ್ರ ಅದು ಹೋಗಿದೆ ಎನ್ನು. ಈ ಸ್ಲಾಟಿನಲ್ಲಿ ಯಾವುದೂ ಏಳದಿದ್ದರೆ ಬೋರ್ಡಿನ ಕಡೆ ನೋಡು. ಆ ಸ್ಲಾಟು ಎಂ.2 ಡಿಸ್ಕಿನೊಂದಿಗೆ ದಾರಿ ಹಂಚಿಕೊಂಡು ಆರಿಹೋಗಿದೆಯೇ ಎಂದು ಕೈಪಿಡಿಯಲ್ಲಿ ಓದಿದ ಮೇಲೆಯೇ ತೀರ್ಮಾನಿಸು. ಎರಡೂ ಬೇರೆಡೆ ಸರಿಯಿದ್ದು ಒಟ್ಟಿಗೆ ಇಟ್ಟಾಗ ಮಾತ್ರ ನಿಂತರೆ ಇಬ್ಬರದೂ ತಪ್ಪಲ್ಲ, ಇಬ್ಬರ ನಡುವಿನ ಹೊಂದಾಣಿಕೆ ಕೆಟ್ಟಿದೆ. ಸೆಟ್ಟಿಂಗಿನಿಂದ ಸರಿಹೋಗುವ ಅವಕಾಶ ಹೆಚ್ಚಾಗಿ ಇರುವುದು ಇಲ್ಲಿಯೇ.

ಇಷ್ಟೊಂದು ಹೇಳಲು ಕಾರಣ ಇದೆ. ಆ ಕಾರ್ಡಿಗೆ ಯಾರೋ ದುಡಿದ ದುಡ್ಡು ಹಾಕಿರುತ್ತಾರೆ. ಓದುವ ಹುಡುಗಿ ಕೂಡಿಟ್ಟು ಕೊಂಡ ಗ್ರಾಫಿಕ್ಸ್ ಕಾರ್ಡಿರಬಹುದು, ಫೋಟೊ ಸ್ಟುಡಿಯೊದವನ ಮದುವೆ ಆಲ್ಬಮ್ಮುಗಳಿರುವ ಡಿಸ್ಕುಗಳಿರಬಹುದು. ಅವರಿಗೆ ಒಳಗಿನದು ಕಾಣದು, ನಿನ್ನ ಮಾತೇ ಪ್ರಮಾಣ. ಒಂದು ಸೆಟ್ಟಿಂಗಿನ ತೊಂದರೆಗೆ ಹೊಸ ಕಾರ್ಡು ಕೊಳ್ಳಿಸಿದರೆ ಅದು ಅಜ್ಞಾನದಿಂದಾದರೂ ಅನ್ಯಾಯವೇ. ಗೊತ್ತಾಗದಿದ್ದರೆ ಇನ್ನೊಂದು ದಿನ ಬೇಕು ಎಂದು ಕೇಳು. ಯಾರೂ ನಿನ್ನನ್ನು ಕೀಳಾಗಿ ಕಾಣುವುದಿಲ್ಲ. ಕೆಲಸದ ಕೂಲಿಯನ್ನು ಸಂಕೋಚವಿಲ್ಲದೆ ತೆಗೆದುಕೋ. ಹುಡುಕಿದ ಶ್ರಮಕ್ಕೂ ಬೆಲೆಯಿದೆ.

ಯಂತ್ರ ಸರಿಹೋದ ಮೇಲೆ ಯಾವ ಸೆಟ್ಟಿಂಗ್ ಬದಲಿಸಿದೆ, ಯಾವ ಸ್ಲಾಟು, ಯಾವ ದಿನಾಂಕ ಎಂದು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸು. ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಕೆಲವು ವರ್ಷಗಳಲ್ಲಿ ಬರಿದಾಗುತ್ತದೆ. ಹಲವು ಬೋರ್ಡುಗಳಲ್ಲಿ ಆಗ ಬಯಾಸ್ ಮೊದಲಿನ ಸೆಟ್ಟಿಂಗಿಗೆ ಮರಳಿ, ಅದೇ ಹ್ಯಾಂಗ್ ಮತ್ತೆ ಶುರುವಾಗುತ್ತದೆ. ಅಂದು ಆ ಕಂಪ್ಯೂಟರ್ ಬೇರೆ ಯಾವುದೋ ಹುಡುಗನ ಮೇಜಿನ ಮೇಲಿರಬಹುದು. ನಿನ್ನ ಚೀಟಿ ಅವನ ಕಣ್ಣಿಗೆ ಬಿದ್ದರೆ ಒಳ್ಳೆಯ ಕಾರ್ಡೊಂದು ಕಸಕ್ಕೆ ಹೋಗುವುದು ತಪ್ಪುತ್ತದೆ.