ತಲೆಯೆತ್ತಿ ನಿಲ್ಲುವ ತೃಪ್ತಿ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದೆ. ಅಪ್ಪನ ಸಾಲ, ತಮ್ಮನ ಓದು ಎಂದು ಹೆಚ್ಚಿನ ಸಂಬಳಕ್ಕಾಗಿ ಇಸ್ರೇಲಿಗೆ ಬಂದು ಕೇರ್‌ಗಿವರ್ ಕೆಲಸಕ್ಕೆ ಸೇರಿದೆ. ಈಗ ಜೆರುಸಲೇಮಿನಲ್ಲಿ ಒಬ್ಬ ಯಹೂದಿ ಅಜ್ಜಿಯ ಮನೆಯಲ್ಲೇ ಇದ್ದು ಅವರನ್ನು ನೋಡಿಕೊಳ್ಳುತ್ತಿದ್ದೇನೆ. ಸಾಲ ತೀರಿದೆ, ತಮ್ಮನಿಗೂ ಕೆಲಸ ಸಿಕ್ಕಿದೆ. ಆದರೆ ನನ್ನ ಜೊತೆ ಓದಿದವರೆಲ್ಲ ಐರ್ಲೆಂಡ್, ಆಸ್ಟ್ರೇಲಿಯಾಗಳ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ವಾಟ್ಸ್‌ಆ್ಯಪ್ ಗುಂಪು ತೆರೆದರೆ ಅವರ ಮನೆ, ಕಾರು, ಮಕ್ಕಳ ಫೋಟೊಗಳು. ಊರಿಗೆ ಹೋದರೆ ‘ಅಲ್ಲಿ ಮುದುಕರ ಚಾಕರಿ ಅಲ್ವಾ?’ ಎಂದು ಕೇಳುತ್ತಾರೆ. ನನ್ನ ಮೇಲೆ ನನಗೇ ಬೇಸರ ಬಂದಿದೆ.

ಅಜ್ಜಿ ದೈವಭಕ್ತೆ. ನಾನು ಮಂಕಾಗಿ ಕೂತರೆ, ತಮ್ಮ ಪಾಲಿಗೆ ಬಂದದ್ದರಲ್ಲಿ ಖುಷಿಯಾಗಿರುವವರೇ ಸಿರಿವಂತರೆಂದು ಹಿರಿಯರು ಹೇಳಿದ್ದಾರೆ ಎನ್ನುತ್ತಾರೆ. ಸ್ವಂತ ಮನೆ, ಮೊಮ್ಮಕ್ಕಳು ಇರುವವರಿಗೆ ಹೀಗೆ ಹೇಳುವುದು ಸುಲಭ. ಇದು ನಮ್ಮಂಥವರ ಬಾಯಿ ಮುಚ್ಚಿಸುವ ಮಾತಲ್ಲವೇ? ಇದನ್ನು ಒಪ್ಪಿಕೊಂಡರೆ ಮುಂದೆ ಬರುವ ಆಸೆಯನ್ನೇ ಬಿಡಬೇಕೇ? ಅಜ್ಜಿಯ ಮಗಳಿಗೆ ಬಿಡುವಿಲ್ಲದ ವಾರ ನನ್ನ ರಜೆಯೂ ತಪ್ಪಿಹೋಗುತ್ತದೆ. ಕೇಳಲು ಸಂಕೋಚ.

– ಹೆಸರು ಬೇಡ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಇದ್ದುದರಲ್ಲಿ ಸುಖಪಡು ಎಂದು ಉಳ್ಳವರು ಇಲ್ಲದವರಿಗೆ ಹೇಳಿದರೆ ಅದು ಬಾಯಿ ಮುಚ್ಚಿಸುವ ಮಾತೇ ಸರಿ. ಆದರೆ ಅಜ್ಜಿಯ ಮಾತು ಎಲ್ಲಿಂದ ಬಂತು, ಅದರ ಅಕ್ಕಪಕ್ಕ ಇನ್ನೇನೇನಿದೆ ಎಂದು ನೋಡಿದರೆ, ಅದು ನಿಮಗೆ ಬಾಯಿ ತೆರೆದು ಕೇಳುವ ಧೈರ್ಯ ಕೊಡುವ ಮಾತೆಂದು ನನಗೆ ಅನ್ನಿಸುತ್ತದೆ.

ಅದನ್ನು ಹೇಳಿದವರು ಬೆನ್ ಜೋಮಾ ಎಂಬ ಯಹೂದಿ ವಿದ್ವಾಂಸರು, ಕ್ರಿ.ಶ. 2ನೇ ಶತಮಾನದವರು. ರೋಮನ್ನರು ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವನ್ನು ಸುಟ್ಟುಹಾಕಿದ ಮೇಲೆ, ಸೋತು ಚದುರಿದ ಜನರ ನಡುವೆ ಬದುಕಿದವರು. ಅವರ ಪಾಂಡಿತ್ಯವನ್ನು ಸಮಕಾಲೀನರು ಕೊಂಡಾಡಿದರೂ ರಬ್ಬಿ, ಅಂದರೆ ಧರ್ಮಗುರು ಎಂಬ ಪದವಿ ಅವರಿಗೆ ಸಿಗಲೇ ಇಲ್ಲ. ಇವತ್ತಿಗೂ ಅವರನ್ನು ಬೆನ್ ಜೋಮಾ, ಅಂದರೆ ಜೋಮಾನ ಮಗ ಎಂದೇ ಕರೆಯುತ್ತಾರೆ. ಅಂದರೆ, ಸಿಗಬೇಕಾಗಿದ್ದ ಪದವಿ ಸಿಗದೆ ಉಳಿದವರೊಬ್ಬರ ಮಾತು ಇದು.

ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಎಂಬ ಗ್ರಂಥದಲ್ಲಿ ‘ಪಿರ್ಕೇ ಅವೋತ್’ ಎಂಬ ಭಾಗವಿದೆ. ಅಲ್ಲಿ ಬೆನ್ ಜೋಮಾ ಕೇಳುವುದು ನಾಲ್ಕು ಪ್ರಶ್ನೆ: ಜ್ಞಾನಿ ಯಾರು, ಬಲಶಾಲಿ ಯಾರು, ಸಿರಿವಂತ ಯಾರು, ಗೌರವಕ್ಕೆ ಪಾತ್ರ ಯಾರು? ಅವರ ಪ್ರಕಾರ ಎಲ್ಲರಿಂದಲೂ ಕಲಿಯುವವನು ಜ್ಞಾನಿ, ತನ್ನ ಮನಸ್ಸನ್ನು ಗೆದ್ದವನು ಬಲಶಾಲಿ, ತನ್ನ ಪಾಲಿನಲ್ಲಿ ಸಂತಸಪಡುವವನು ಸಿರಿವಂತ, ಇತರರನ್ನು ಗೌರವಿಸುವವನು ಗೌರವಾರ್ಹ. ಜಗತ್ತು ಈ ನಾಲ್ಕನ್ನೂ ಪಕ್ಕದವರ ಜೊತೆ ಹೋಲಿಸಿ ಅಳೆಯುತ್ತದೆ. ಬೆನ್ ಜೋಮಾ ಆ ಅಳತೆಗೋಲನ್ನು ಪಕ್ಕದವರ ಕೈಯಿಂದ ತೆಗೆದು ನಮ್ಮ ಕೈಗೇ ಕೊಡುತ್ತಾರೆ. ಸಿರಿತನದ ಮಾತಿಗೆ ಅವರು ಆಧಾರವಾಗಿ ತೆಗೆದುಕೊಳ್ಳುವುದು ಬೈಬಲಿನ 128ನೇ ಕೀರ್ತನೆಯನ್ನು. ಅದು ಹೊಗಳುವುದು ಸ್ವಂತ ಕೈಯ ದುಡಿಮೆಯನ್ನು ಉಣ್ಣುವವರನ್ನು. ಹಾಗಾಗಿ ಇಲ್ಲಿ ಹೇಳುತ್ತಿರುವುದು ದುಡಿದು ತಿನ್ನುವವರ ತೃಪ್ತಿ. ಅಪ್ಪನ ಸಾಲವನ್ನು ತೀರಿಸಿದ ಕೈ ನಿಮ್ಮದು. ಆ ಸಿರಿಯನ್ನು ನೀವಿನ್ನೂ ನಿಮ್ಮ ಲೆಕ್ಕಕ್ಕೆ ಬರೆದುಕೊಂಡಿಲ್ಲ.

ಇನ್ನು, ಇದು ಬಡವರ ಬಾಯಿ ಮುಚ್ಚಿಸುವ ಮಾತೇ ಎಂಬ ನಿಮ್ಮ ಪ್ರಶ್ನೆ. ಯಹೂದಿ ಧರ್ಮದಲ್ಲಿ ತೃಪ್ತಿಯ ಪಾಠ ಇರುವುದು ತನಗೆ ತಾನೇ ಹೇಳಿಕೊಳ್ಳಲು. ಎದುರಿನವರ ಕೊರತೆಯ ವಿಷಯ ಬಂದಾಗ ಆ ಧರ್ಮದ ದನಿಯೇ ಬೇರೆ. ಬಡವನಿಗೆ ಏನು ಕೊರತೆಯಿದೆಯೋ ಅದನ್ನೇ ತುಂಬಿಕೊಡಬೇಕೆಂದು ಬೈಬಲಿನ ಧರ್ಮೋಪದೇಶಕಾಂಡದ 15ನೇ ಅಧ್ಯಾಯ ವಿಧಿಸುತ್ತದೆ. ಇದನ್ನು ವಿವರಿಸುತ್ತ ಯಹೂದಿ ಧರ್ಮಚರ್ಚೆಗಳ ಗ್ರಂಥವಾದ ತಾಲ್ಮುದ್, ಹಿಲ್ಲೆಲ್ ಎಂಬ ಹಿರಿಯರ ಕಥೆಯನ್ನು ಹೇಳುತ್ತದೆ. ಒಳ್ಳೆಯ ಮನೆತನದವನೊಬ್ಬ ಬಡತನಕ್ಕೆ ಬಿದ್ದಾಗ ಹಿಲ್ಲೆಲ್ ಅವನಿಗೆ ಸವಾರಿಗೆ ಕುದುರೆಯನ್ನೂ ಅದರ ಮುಂದೆ ಓಡಲು ಒಬ್ಬ ಆಳನ್ನೂ ಗೊತ್ತುಮಾಡಿದರಂತೆ. ಒಂದು ದಿನ ಆಳು ಸಿಗಲಿಲ್ಲ. ಆಗ ಹಿಲ್ಲೆಲ್ ತಾವೇ ಓಡಿದರು. ಇರುವುದರಲ್ಲೇ ಸುಧಾರಿಸಿಕೋ ಎಂದು ಅವನಿಗೆ ಬುದ್ಧಿ ಹೇಳಲು ಹೋಗಲಿಲ್ಲ.

ಕೂಲಿಯವರ ವಿಷಯದಲ್ಲೂ ಹಾಗೆಯೇ. ದಿನಗೂಲಿಯನ್ನು ಅದೇ ದಿನ ಸೂರ್ಯ ಮುಳುಗುವುದರೊಳಗೆ ಕೊಡಬೇಕೆಂದು ಶಾಸ್ತ್ರ ಹೇಳುತ್ತದೆ. ಸಬ್ಬತ್ ಎಂಬ ವಾರದ ವಿಶ್ರಾಂತಿಯ ದಿನದ ಆಜ್ಞೆಯನ್ನೂ ನೋಡಿ. ಆ ವಿಶ್ರಾಂತಿ ಮನೆಯೊಡೆಯರಿಗೆ ಮಾತ್ರ ಮೀಸಲಲ್ಲ. ಮನೆಯಲ್ಲಿ ದುಡಿಯುವವರಿಗೆ, ಊರೊಳಗಿರುವ ಪರದೇಶದವರಿಗೆ, ಎತ್ತು ಕತ್ತೆಗಳಿಗೂ ಅದು ಸಲ್ಲಬೇಕು. ಈಜಿಪ್ಟಿನಲ್ಲಿ ತಾವೂ ಒಮ್ಮೆ ಗುಲಾಮರಾಗಿದ್ದೆವೆಂಬುದನ್ನು ಮರೆಯಬಾರದೆಂಬುದೇ ಅದಕ್ಕೆ ಕೊಡುವ ಕಾರಣ. ಹಾಗಿರುವಾಗ ನಿಮ್ಮ ವಾರದ ರಜೆಯನ್ನು ಕೇಳುವುದು ಅತೃಪ್ತಿಯೂ ಅಲ್ಲ, ಅತಿಯಾಸೆಯೂ ಅಲ್ಲ. ಅದು ಆ ಮನೆಯ ದೇವರೇ ನಿಮಗೆ ಬರೆದಿಟ್ಟ ಪಾಲು.

ಆದರೆ ರಜೆ ಕೇಳಲು ನಿಮಗೆ ಸಂಕೋಚ. ಈ ಸಂಕೋಚದ ಬೇರು ಬೇರೆಲ್ಲೋ ಇದೆ. ಇಸ್ರಾಯೇಲ್ಯರ ನಾಯಕ ಮೋಶೆ ಕಾನಾನ್ ನಾಡಿಗೆ ಕಳಿಸಿದ ಹನ್ನೆರಡು ಗೂಢಚಾರರ ಕಥೆಯೊಂದು ಬೈಬಲಿನಲ್ಲಿದೆ. ಹತ್ತು ಮಂದಿ ನಡುಗುತ್ತ ಹಿಂತಿರುಗಿದರು. ಆ ನಾಡಿನ ಭಾರೀ ದೇಹದವರ ಮುಂದೆ ನಾವು ನಮ್ಮ ಕಣ್ಣಿಗೇ ಮಿಡತೆಗಳಂತೆ ಕಂಡೆವು, ಅವರ ಕಣ್ಣಿಗೂ ಹಾಗೆಯೇ ಕಂಡೆವು ಎಂದು ವರದಿ ಒಪ್ಪಿಸಿದರು. ತಾಲ್ಮುದ್ ಕಾಲದ ಒಬ್ಬ ಗುರು ಇಲ್ಲಿ ತಡೆದು ಪ್ರಶ್ನಿಸುತ್ತಾರೆ. ನಿಮ್ಮ ಕಣ್ಣಿಗೆ ನೀವು ಮಿಡತೆಯಂತೆ ಕಂಡಿದ್ದರೆ ಇರಲಿ, ಅವರ ಕಣ್ಣಿಗೆ ಹೇಗೆ ಕಂಡಿರೆಂಬುದು ನಿಮಗೆ ಹೇಗೆ ಗೊತ್ತು? ಐರ್ಲೆಂಡಿನ ಗೆಳತಿಯರು ನಿಮ್ಮನ್ನು ಕೀಳಾಗಿ ಕಾಣುತ್ತಾರೆಂದು ನೀವೇ ತೀರ್ಮಾನಿಸಿದ್ದೀರಿ. ನಿಮ್ಮ ಪತ್ರದಲ್ಲಿ ಅವರು ಹಾಗೆ ಅಂದದ್ದು ಒಂದು ಮಾತೂ ಇಲ್ಲ.

ತನ್ನನ್ನು ತಾನೇ ಕೆಟ್ಟವನೆಂದು ಎಣಿಸಬಾರದೆಂಬುದು ‘ಪಿರ್ಕೇ ಅವೋತ್’ ಹೇಳುವ ಇನ್ನೊಂದು ಪಾಠ. ಮಿಶ್ನಾದ ಬೇರೊಂದು ಕಡೆ ಟಂಕಸಾಲೆಯ ಹೋಲಿಕೆ ಬರುತ್ತದೆ: ಮನುಷ್ಯ ಒಂದೇ ಅಚ್ಚಿನಲ್ಲಿ ಹಲವು ನಾಣ್ಯ ಒತ್ತಿದರೆ ಎಲ್ಲವೂ ಒಂದೇ ಥರ, ದೇವರು ಎಲ್ಲರನ್ನೂ ಆದಾಮನ ಅಚ್ಚಿನಲ್ಲೇ ಒತ್ತಿದರೂ ಒಬ್ಬರಂತೆ ಇನ್ನೊಬ್ಬರಿಲ್ಲ. ಪೂರ್ವ ಯುರೋಪಿನ ಹಸಿದ್ ಎಂಬ ಯಹೂದಿ ಭಕ್ತಿಪಂಥದ ಗುರು ಜುಸ್ಯ ತೀರಿಕೊಂಡದ್ದು 1800ರಲ್ಲಿ. ಪರಲೋಕದಲ್ಲಿ ನೀನೇಕೆ ಮೋಶೆಯಾಗಲಿಲ್ಲವೆಂದು ತನ್ನನ್ನು ಯಾರೂ ಕೇಳುವುದಿಲ್ಲ, ನೀನೇಕೆ ಜುಸ್ಯ ಆಗಲಿಲ್ಲವೆಂದು ಕೇಳುತ್ತಾರೆ ಎಂದು ಅವರು ಹೇಳಿದ್ದಾಗಿ ಪ್ರತೀತಿ. ನಿಮ್ಮನ್ನೂ ಯಾರೂ ನಿಮ್ಮ ಗೆಳತಿ ಏಕಾಗಲಿಲ್ಲವೆಂದು ಕೇಳಲಾರರು.

‘ಮುದುಕರ ಚಾಕರಿ’ ಎಂಬ ಮಾತಿಗೂ ಉತ್ತರ ಅಜ್ಜಿಯ ಧರ್ಮದಲ್ಲೇ ಇದೆ. ತಲೆ ನರೆತವರ ಮುಂದೆ ಎದ್ದು ನಿಲ್ಲಬೇಕೆಂದು ಯಾಜಕಕಾಂಡ ಆಜ್ಞಾಪಿಸುತ್ತದೆ. ಉಳಿದವರು ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟು ಪಾಲಿಸುವ ಆ ಆಜ್ಞೆಯನ್ನು ನೀವು ಹಗಲಿರುಳು ಪಾಲಿಸುತ್ತಿದ್ದೀರಿ. ಅಜ್ಜಿಯನ್ನು ಮಗ್ಗುಲು ಬದಲಿಸಿ ಮಲಗಿಸುವಾಗ, ಮಾತ್ರೆಯ ಹೊತ್ತು ತಪ್ಪದಂತೆ ನೋಡುವಾಗ, ಉಸಿರಿನ ಸದ್ದು ಬದಲಾದದ್ದನ್ನು ರಾತ್ರಿಯಲ್ಲೇ ಗುರುತಿಸುವಾಗ, ಅಲ್ಲಿ ಕೆಲಸ ಮಾಡುತ್ತಿರುವುದು ನಿಮ್ಮ ನರ್ಸಿಂಗ್ ಓದೇ.

ಮುಂದೆ ಬರುವ ಆಸೆಯನ್ನು ಬಿಡಬೇಕೇ? ಬೇಡ. 19ನೇ ಶತಮಾನದಲ್ಲಿ ಲಿಥುವೇನಿಯದ ರಬ್ಬಿ ಇಸ್ರಾಯೇಲ್ ಸಲಾಂತರ್ ಬೆಳೆಸಿದ ಮುಸಾರ್ ಎಂಬ ಆತ್ಮಸಂಸ್ಕಾರದ ಪಂಥ, ಸೊತ್ತಿನಲ್ಲಿ ತೃಪ್ತಿಯಿರಲಿ, ಕಲಿಕೆಯಲ್ಲೂ ಗುಣದಲ್ಲೂ ಅದು ಬೇಡ ಎನ್ನುತ್ತದೆ. ಆದ್ದರಿಂದ ಆಸೆಯನ್ನು ಬಿಡುವ ಮೊದಲು ಬಿಡಿಸಿ ನೋಡಿ. ನಿಮಗೆ ಬೇಕಿರುವುದು ಆಸ್ಪತ್ರೆಯ ಕೆಲಸವೇ, ಆ ಗುಂಪಿನಲ್ಲಿ ಹಾಕಲು ಒಂದು ಫೋಟೊವೇ? ಮೊದಲನೆಯದಾದರೆ ಹೊರಡುವ ಸಿದ್ಧತೆ ಶುರುಮಾಡಿ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನಿಮ್ಮ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. ಇಂಗ್ಲಿಷಿನ ಐಇಎಲ್‌ಟಿಎಸ್ ಅಥವಾ ಒಇಟಿ ಪರೀಕ್ಷೆಗೆ ಓದಿ. ಎರಡನೆಯದಾದರೆ, ಯಾವ ದೇಶಕ್ಕೆ ಹೋದರೂ ಆ ಆಸೆ ತೀರದು. ನೂರು ಇದ್ದವನಿಗೆ ಇನ್ನೂರು ಬೇಕೆನ್ನಿಸುತ್ತದೆ, ಅರ್ಧ ಆಸೆಯೂ ಕೈಗೂಡದೆ ಮನುಷ್ಯ ಹೊರಟುಹೋಗುತ್ತಾನೆ ಎಂದು ಹಳೆಯ ಯಹೂದಿ ವ್ಯಾಖ್ಯಾನವೊಂದು ಗುರುತಿಸಿದೆ.

ಸದ್ಯಕ್ಕೆ ಮೂರು ಕೆಲಸ ಮಾಡಿ. ಶುಕ್ರವಾರ ಸಂಜೆ ಅಜ್ಜಿ ಸಬ್ಬತ್ತಿನ ದೀಪ ಹಚ್ಚಿದಾಗ ನೀವೂ ಆ ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚಿ, ಶನಿವಾರ ರಾತ್ರಿಯವರೆಗೆ ತೆರೆಯಬೇಡಿ. ಸಬ್ಬತ್ ಶುರುವಾದಾಗ ತನ್ನ ಕೆಲಸವೆಲ್ಲ ಮುಗಿದೇಹೋಯಿತೆಂಬಂತೆ ಇರಬೇಕೆಂದು ಹಿರಿಯರು ಕಲಿಸಿದ್ದಾರೆ. ಮುಗಿಯದ ಕೆಲಸ, ಸಿಗದ ವಸ್ತು ಎಲ್ಲರ ಬಳಿಯೂ ಇರುತ್ತದೆ. ವಾರಕ್ಕೊಂದು ದಿನ ಅದರ ಲೆಕ್ಕ ನಿಲ್ಲಿಸಲು ಆ ಮನೆಯಲ್ಲಿ ಆಗಲೇ ವ್ಯವಸ್ಥೆಯಿದೆ.

ಎರಡನೆಯದು, ಪ್ರತಿರಾತ್ರಿ ಮಲಗುವ ಮುನ್ನ ಅಂದು ನೀವು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹುಡುಕಿ ಪುಸ್ತಕದಲ್ಲಿ ಬರೆದಿಡಿ. ಬ್ರಾಸ್ಲಾವಿನ ರಬ್ಬಿ ನಖ್‌ಮನ್ (1772–1810) ಕೊಟ್ಟ ಸಲಹೆಯೊಂದು ಇದಕ್ಕೆ ಆಧಾರ. ಸ್ವತಃ ಮನಸ್ಸಿನ ಕುಗ್ಗುವಿಕೆಯೊಡನೆ ಹೆಣಗಿದವರು ಅವರು. ತನ್ನಲ್ಲಿ ಏನೂ ಒಳ್ಳೆಯದಿಲ್ಲ ಎನ್ನಿಸಿದಾಗಲೂ ಒಂದು ಚೂರನ್ನಾದರೂ ಹುಡುಕಬೇಕು, ಆಮೇಲೆ ಇನ್ನೊಂದು, ಆ ಚೂರುಗಳು ಕೂಡಿ ರಾಗವಾಗುತ್ತವೆ ಎನ್ನುತ್ತಾರೆ. ಅಜ್ಜಿಗೆ ಹಾಸಿಗೆ ಹುಣ್ಣಾಗದಂತೆ ಕಾಪಾಡಿದ್ದೂ ಆ ಪುಸ್ತಕದಲ್ಲಿ ಬರಬೇಕು. ಹೀಗೆ ಮಾಡಿಯೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.

ಮೂರನೆಯದನ್ನು ಈ ವಾರವೇ ಮಾಡಿ. ಅಜ್ಜಿಯ ಮಗಳ ಜೊತೆ ಕೂತು, ತಿಂಗಳ ನಾಲ್ಕೂ ರಜೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಳ್ಳಿ. ‘ನಿಮಗೆ ಬಿಡುವಿಲ್ಲದ ವಾರ ಯಾವುದೆಂದು ಮೊದಲೇ ಹೇಳಿ, ಬದಲಿ ದಿನ ಈಗಲೇ ನಿಗದಿ ಮಾಡೋಣ’ ಎಂದರೆ ಸಾಕು, ಕ್ಷಮೆ ಕೇಳುವ ದನಿ ಬೇಡ. ಅದರಿಂದ ಪ್ರಯೋಜನವಾಗದಿದ್ದರೆ ನಿಮ್ಮ ಏಜೆನ್ಸಿಗೆ ತಿಳಿಸಿ. ಅಲ್ಲೂ ಆಗದಿದ್ದರೆ ವಲಸೆ ಕಾರ್ಮಿಕರಿಗೆ ನೆರವಾಗುವ ಕಾವ್ ಲಓವೇದ್ ಸಂಸ್ಥೆ ಟೆಲ್ ಅವೀವಿನಲ್ಲಿದೆ. ನಿಮ್ಮ ಪಾಲಿನಲ್ಲಿ ಸಂತಸಪಡಬೇಕಾದರೆ ಆ ಪಾಲು ಪೂರ್ತಿ ನಿಮ್ಮ ಕೈಗೆ ಬರಬೇಕು. ಕೇಳಿ ಪಡೆಯಿರಿ, ಆಮೇಲೆ ಏನಾಯಿತೆಂದು ನನಗೆ ಬರೆಯಿರಿ.